ಹಿರಿಯರ ಹಾಸಿಗೆ ಕೆಳಗಿರಲಿ

ಮೊಣಕಾಲು ನೋವೆಂದು ಬರುವ ಹಿರಿಯ ತಾಯಂದಿರನ್ನು ನಾಡಿ ನೋಡುವ ಮೊದಲೇ ನಾನು ಕೇಳುತ್ತೇನೆ: ‘ನೀವು ಮಲಗುವುದು ಎಲ್ಲಿ? ಶೌಚಾಲಯ ಎಲ್ಲಿದೆ?’ ಹಾಸಿಗೆ ಮಹಡಿಯ ಮೇಲೆ, ಶೌಚಾಲಯ ಕೆಳಗೆ ಎಂದರೆ ಅರ್ಧ ಕಾಯಿಲೆ ತಿಳಿದಂತೆ. ರಾತ್ರಿ ಇಳಿಯಬೇಕಾದೀತೆಂದು ಅವರು ಸಂಜೆಯಿಂದಲೇ ನೀರು ಬಿಟ್ಟಿರುತ್ತಾರೆ. ಸೊಸೆಗೂ ಹೇಳಿರುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಇದರಿಂದ ಉರಿಮೂತ್ರ, ಮಲಬದ್ಧತೆ, ತಲೆಸುತ್ತು ಶುರುವಾಗುತ್ತವೆ. ಇದಕ್ಕೆ ಮೊಣಕಾಲಿಗೆ ಎಣ್ಣೆ ತಿಕ್ಕಿ ಏನು ಪ್ರಯೋಜನ?

ವುಝೂ ಮಾಡುವ ಜಾಗವೂ ಕೆಳಗಿದ್ದರೆ ಐದು ಹೊತ್ತಿಗೆ ಐದು ಸಲ ಇಳಿದು ಹತ್ತಬೇಕು. 15 ಮೆಟ್ಟಿಲಿದ್ದರೆ ದಿನಕ್ಕೆ 75 ಇಳಿಯುವುದು, 75 ಹತ್ತುವುದು. ಇಳಿಯುವಾಗ ಮೊಣಕಾಲಿನ ಮೇಲೆ ದೇಹದ ತೂಕದ ಸುಮಾರು 3 ಪಟ್ಟು ಭಾರ ಬೀಳುತ್ತದೆ. ಫಜ್ರ್‌ನ ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಕಾಲು ಜಾರಿದರೆ ಸೊಂಟದ ಮೂಳೆಯೇ ಮುರಿಯಬಹುದು.

ಐಹೊಳೆಯಲ್ಲಿ ಊರೂ ಗುಡಿಗಳೂ ಒಟ್ಟಿಗೇ ಇವೆ. 2010ರ ತಿದ್ದುಪಡಿ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಮಗನ ಮದುವೆಯಾಗಿ ಕೋಣೆ ಸಾಲದ ಮನೆಯವರಿಗೆ ಇದು ನಿಜವಾದ ತೊಂದರೆ, ಸಣ್ಣದೆನ್ನಲಾರೆ. ಆದರೂ ವೈದ್ಯನಾಗಿ ನನಗೆ ಆ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಒಂದಂತಸ್ತಿನ ಮನೆಗಳು ಇಷ್ಟ. ದಪ್ಪ ಗೋಡೆ ಹಗಲಿನ ಬಿಸಿಯನ್ನು ತಡೆಯುತ್ತದೆ. ಅಜ್ಜಿ ಬೆಳಿಗ್ಗೆ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕೂರುತ್ತಾರೆ, ಆಮೇಲೆ ಪಡಸಾಲೆಯಲ್ಲಿ ಮೊಮ್ಮಕ್ಕಳ ಜೊತೆ. ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು ಹೇಳುವಾಗ ಗಾಳಿ, ಆಹಾರ, ನಿದ್ರೆಗಳಂತೆಯೇ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನೂ ಎಣಿಸುತ್ತಾರೆ. ಮಹಡಿಯ ಕೋಣೆಗೆ ಊಟದ ತಟ್ಟೆ ಮಾತ್ರ ಹೋಗುವ ಮನೆಗಳಲ್ಲಿ ಕೆಡುವುದು ಮೊದಲು ಇದೇ.

ಹಳೆಯ ಮನೆಗಳಲ್ಲಿ ಕುಂದಿಲ್ಲವೆಂದಲ್ಲ. ಬೆಳಕಿಂಡಿ ಸಣ್ಣದು, ಒಲೆಯ ಹೊಗೆ ಒಳಗೇ ಸುತ್ತುತ್ತದೆ. ದನ ಕಟ್ಟುವ ಜಾಗದಿಂದ ಪಡಸಾಲೆಗೆ ಎತ್ತರದ ಮೆಟ್ಟಿಲು, ಅದರ ಮೇಲೆ ಹೊಸ್ತಿಲು! ಒಂದೇ ಅಂತಸ್ತು ಎಂದ ಮಾತ್ರಕ್ಕೆ ನೆಲ ಸಮವಾಗಿರುವುದಿಲ್ಲ. ಜಾಗವಿದ್ದರೆ ಇಳಿಜಾರು ಮಾಡಿಸಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಜಾಗವಿಲ್ಲದಿದ್ದರೆ ಗೋಡೆಗೆ ಗಟ್ಟಿಯಾದ ಹಿಡಿಕೆ. ವುಝೂ ಜಾಗದಲ್ಲಿ ನುಣುಪಾದ ಟೈಲ್ಸ್ ಬೇಡ, ಒರಟು ಕಲ್ಲೇ ಒಳ್ಳೆಯದು. ಕುಳಿತು ಮಾಡಲು ಅಲುಗಾಡದ ಒಂದು ಪೀಠ, ರಾತ್ರಿಗೊಂದು ಸಣ್ಣ ದೀಪ.

ಈಗಾಗಲೇ ಮಹಡಿ ಕಟ್ಟಿಸಿದವರು ಗಾಬರಿಯಾಗಬೇಡಿ. ಮೊಣಕಾಲು ಗಟ್ಟಿಯಿರುವ ಮಕ್ಕಳು, ಸೊಸೆಯಂದಿರು ಮೇಲಿರಲಿ, ಹತ್ತಿಳಿಯುವುದು ಅವರಿಗೆ ವ್ಯಾಯಾಮ. ಹಿರಿಯರ ಹಾಸಿಗೆಯನ್ನು ಕೆಳಗೆ ತನ್ನಿ, ಬೈಠಕ್ ಕೋಣೆಯನ್ನೇ ಬಿಟ್ಟುಕೊಡಬೇಕಾದರೂ ಸರಿ. ತಂದ ಮೇಲೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.