ಹೆಸರಿನ ಪಹಣಿ: ಅಂತರಜಾಲದ ನಕಲಿ ತಾಣಗಳೂ ನೋಂದಣಿ ಸಂಸ್ಥೆಗಳೂ



ಕಳೆದ ಅಡಿಕೆ ಕೊಯ್ಲಿಗೆ ಸ್ವಲ್ಪ ಮುಂಚೆ ಹನೂರು ಕಡೆಯ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದು, ಮೊಬೈಲನ್ನು ಮೇಜಿನ ಮೇಲಿಟ್ಟು, "ಸೆಕ್ರೆಟರಿಗಳೇ, ಈ ಮಿಷಿನ್ ಯಾವಾಗ ಬತ್ತದೆ ಒಸಿ ನೋಡಿ" ಎಂದರು. ಅಡಿಕೆ ಸುಲಿಯುವ ಯಂತ್ರ, ಅರ್ಧ ಬೆಲೆಗೆ, ಸಬ್ಸಿಡಿಯಲ್ಲಿ. ತಾಣದ ನೆತ್ತಿಯ ಮೇಲೆ ಸರ್ಕಾರದ ಲಾಂಛನ, ಕೆಳಗೆ ಯಂತ್ರದ ಚಿತ್ರ. ಆಧಾರ್ ಮತ್ತು ಪಹಣಿಯ ಪ್ರತಿ ಕೇಳಿದ್ದರು, ಕೊಟ್ಟಿದ್ದರು. ನೋಂದಣಿ ಶುಲ್ಕವೆಂದು ರೂ. 4,800 ಕೇಳಿದ್ದರು, ಅದನ್ನೂ ಫೋನಿನಲ್ಲಿಯೇ ಕಳಿಸಿದ್ದರು. ಆಗಲೇ ಐದು ದಿನ ಕಳೆದಿತ್ತು.

ಅವರು ಓದು ಬರಹ ಬಲ್ಲವರು, ದುಡ್ಡಿನ ವಿಷಯದಲ್ಲಿ ಜಾಗರೂಕರು. ತಾಣದ ವಿಳಾಸದಲ್ಲಿ 'ಗವ್ ಡಾಟ್ ಇನ್' ಎಂದಿರುವುದನ್ನು ನೋಡಿಯೇ ಹಣ ಕಳಿಸಿದ್ದರು. ನಾವೂ ಕನ್ನಡಕ ಹಾಕಿಕೊಂಡು ನೋಡಿದೆವು. ಹೌದು, ಇತ್ತು. ಆದರೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಇದನ್ನು ಅರಿಯಲು ನಮಗೂ ನಾಲ್ಕು ದಿನ ಹಿಡಿಯಿತೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಆ ನಾಲ್ಕು ದಿನಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಂತರಜಾಲದ ಪ್ರತಿ ತಾಣಕ್ಕೂ ಒಂದು ಹೆಸರುಂಟು. ಇದಕ್ಕೆ ಡೊಮೈನ್ ಹೆಸರೆನ್ನುತ್ತಾರೆ. ಒಂದೇ ಡೊಮೈನ್ ಹೆಸರು ಇಬ್ಬರಿಗೆ ಇರಲಾಗದು. ಆದ್ದರಿಂದ ಯಾವ ಹೆಸರು ಯಾರದೆಂದು ಬರೆದಿಡುವ ಒಂದು ಪುಸ್ತಕ ಬೇಕು. ಆ ಪುಸ್ತಕ ಇಟ್ಟುಕೊಂಡಿರುವ ಸಂಸ್ಥೆಯೇ ರಿಜಿಸ್ಟ್ರಿ. ಹೆಸರಿನ ಬಾಲಕ್ಕೊಂದು ರಿಜಿಸ್ಟ್ರಿ. 'ಡಾಟ್ ಇನ್' ಎಂಬ ನಮ್ಮ ದೇಶದ ಬಾಲದ ಪುಸ್ತಕ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಎಂಬ ಸಂಸ್ಥೆಯ ಬಳಿ ಇದೆ. ಕನ್ನಡ ಅಕ್ಷರಗಳಲ್ಲೇ 'ಡಾಟ್ ಭಾರತ' ಎಂದು ಬರೆಯುವ ಬಾಲವೂ ಅದೇ ಸಂಸ್ಥೆಯದು. 'ಡಾಟ್ ಕಾಮ್' ಅಮೆರಿಕದ ವೆರಿಸೈನ್ ಕಂಪನಿಯದು. ರಿಜಿಸ್ಟ್ರಿಯಿಂದ ಹೆಸರು ತಂದು ಚಿಲ್ಲರೆಯಾಗಿ ಮಾರುವ ಅಂಗಡಿಗಳಿಗೆ ರಿಜಿಸ್ಟ್ರಾರ್ ಎಂದು ಹೆಸರು. ತಾಣದ ಪುಟಗಳು, ಚಿತ್ರಗಳು ಇರುವುದು ಮಾತ್ರ ಇವರಿಬ್ಬರ ಬಳಿಯೂ ಅಲ್ಲ, ಮೂರನೆಯವನ ಬಾಡಿಗೆ ಯಂತ್ರದಲ್ಲಿ. ಇದನ್ನು ಮರೆಯಬಾರದು, ಮುಂದೆ ಬೇಕಾಗುತ್ತದೆ.

ಈಗ ಹೆಸರನ್ನು ಓದುವ ಬಗೆ. ವಿಳಾಸದ ಮೊದಲಿನ 'ಎಚ್‌ಟಿಟಿಪಿಎಸ್' ಮತ್ತು ಅದರ ಪಕ್ಕದ ಜೋಡಿ ಓರೆಗೆರೆಗಳನ್ನು ಬಿಡಿ. ಅಲ್ಲಿಂದ ಮುಂದೆ ಮೊದಲು ಸಿಗುವ ಒಂಟಿ ಓರೆಗೆರೆಯ ತನಕ ಹೋಗಿ ನಿಲ್ಲಿ. ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಿ. ಕಟ್ಟಕಡೆಯದು ಬಾಲ, ಅಂದರೆ ತಾಲ್ಲೂಕು. ಅದರ ಎಡಕ್ಕಿರುವುದು ಕೊಂಡ ಹೆಸರು, ಅಂದರೆ ಸರ್ವೆ ನಂಬರು. ಅದಕ್ಕೂ ಎಡಕ್ಕೆ ಇರುವುದೆಲ್ಲ ಕೊಂಡವನು ತನಗೆ ತೋಚಿದಂತೆ ಬರೆದುಕೊಂಡದ್ದು. ಯಳಂದೂರಿನಲ್ಲಿ ಒಂದು ನಿವೇಶನ ಕೊಂಡವನು ಗೇಟಿನ ಮೇಲೆ 'ಮೈಸೂರು ಅರಮನೆ' ಎಂದು ಬರೆಸಿದರೆ ತಡೆಯುವವರಾರು? ನಮ್ಮ ಸದಸ್ಯರು ಕಂಡ ವಿಳಾಸದಲ್ಲಿ 'ಗವ್ ಡಾಟ್ ಇನ್' ಎಂಬುದು ಹೀಗೆ ಗೇಟಿನ ಮೇಲಿನ ಬರಹ. ಅದರ ಮುಂದೆ ಇನ್ನೊಂದು ಚುಕ್ಕಿ, ಯಾವುದೋ ಹೆಸರು, ಹೊರದೇಶದ ಒಂದು ಬಾಲ ಇದ್ದವು. ಮೊಬೈಲಿನ ಕಿರಿದಾದ ಪರದೆಯಲ್ಲಿ ವಿಳಾಸದ ಎಡಭಾಗವಷ್ಟೇ ಕಂಡು, ಬಾಲ ಮರೆಯಾಗಿತ್ತು. ನಿಜವಾದ ಸರ್ಕಾರಿ ತಾಣವಾದರೆ 'ಗವ್ ಡಾಟ್ ಇನ್' ಎಂಬುದೇ ಕಡೆಯಲ್ಲಿರಬೇಕು, ಕಾಫಿ ಮಂಡಳಿಯ 'ಕಾಫಿಬೋರ್ಡ್ ಡಾಟ್ ಗವ್ ಡಾಟ್ ಇನ್' ಇರುವಂತೆ. ವಿಳಾಸದ ಪಕ್ಕದ ಬೀಗದ ಗುರುತನ್ನು ನಂಬಿ ಕೂರುವವರೂ ಇದ್ದಾರೆ. ನೀವು ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಕಳ್ಳನ ಮನೆಗೂ ಬೀಗವಿರುತ್ತದೆ.

ನಮ್ಮಿಂದಾದ ತಪ್ಪೂ ಇಲ್ಲಿಯೇ. 'ಇನ್' ಎಂಬುದನ್ನು ಕಂಡು, ಇದು ನಮ್ಮ ದೇಶದ ಹೆಸರೆಂದು ಭಾವಿಸಿ, ಡಾಟ್ ಇನ್ ರಿಜಿಸ್ಟ್ರಿಗೆ ದೂರು ಬರೆದೆವು. ಕೊಳ್ಳೇಗಾಲದ ಜಮೀನಿನ ತಕರಾರನ್ನು ಸತ್ಯಮಂಗಲದ ತಾಲ್ಲೂಕು ಕಚೇರಿಗೆ ಒಯ್ದಂತಾಯಿತು. ಆ ಹೆಸರು ಅವರ ಪುಸ್ತಕದಲ್ಲೇ ಇಲ್ಲದ ಮೇಲೆ ಅವರು ಹೊಡೆದುಹಾಕುವುದಾದರೂ ಏನನ್ನು?

ಹಾಗಾದರೆ ಇಂಥ ಮೋಸಗಳನ್ನು ಮೊದಲೇ ತಡೆಯಲು ರಿಜಿಸ್ಟ್ರಿಗಳು ಏನನ್ನೂ ಮಾಡುವುದಿಲ್ಲವೇ? ಮಾಡುತ್ತವೆ, ಆದರೆ ಎಲ್ಲವೂ ಒಂದೇ ಸಮನಾಗಿ ಅಲ್ಲ. ಪಹಣಿಯಲ್ಲಿ ಹೆಸರು ಕೂರಬೇಕಾದರೆ ಕ್ರಯಪತ್ರ, ನಕ್ಷೆ, ನೋಟೀಸು ಎಲ್ಲ ಬೇಕು. ಡೊಮೈನ್ ಹೆಸರಿಗೆ ಬಹುಪಾಲು ಕಡೆ ದುಡ್ಡೊಂದಿದ್ದರೆ ಸಾಕು, ಕೆಲವು ನಿಮಿಷಗಳಲ್ಲಿ ಸಿಗುತ್ತದೆ. ದುಡ್ಡೂ ಬೇಡವೆಂದರೆ ಏನಾಗುತ್ತದೆ ಎಂಬುದಕ್ಕೆ ಟೊಕೆಲಾವ್ ದ್ವೀಪಗಳ ಕಥೆ ಸಾಕ್ಷಿ. ಪೆಸಿಫಿಕ್ ಸಾಗರದಲ್ಲಿ ನ್ಯೂಜಿಲೆಂಡಿಗೆ ಸೇರಿದ ಮೂರು ಹವಳದ ದ್ವೀಪಗಳು, ಒಟ್ಟು ಜನಸಂಖ್ಯೆ ಸುಮಾರು 1,500. ಆ ನಾಡಿನ 'ಡಾಟ್ ಟಿಕೆ' ಎಂಬ ಬಾಲವನ್ನು ಫ್ರೀನಮ್ ಎಂಬ ಕಂಪನಿ ಬಿಟ್ಟಿಯಾಗಿ ಹಂಚಿತು. ಹೆಸರುಗಳು ಕೋಟಿಗಟ್ಟಲೆ ಏರಿದವು, ಮೋಸಗಾರರೂ ಅಲ್ಲಿಯೇ ಬೀಡುಬಿಟ್ಟರು. ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿಯವರು ದಾವೆ ಹೂಡಿದರು. 2023ರಲ್ಲಿ ಹೊಸ ನೋಂದಣಿ ನಿಂತಿತು, 2024ರಲ್ಲಿ ಫ್ರೀನಮ್ ಈ ವ್ಯವಹಾರದಿಂದಲೇ ಹೊರಬಿತ್ತು. ಬೇಲಿಯಿಲ್ಲದ ತೋಟಕ್ಕೆ ಬರುವುದು ಬರೀ ನೆಂಟರಲ್ಲ.

ಇದಕ್ಕೆ ವಿರುದ್ಧವಾದದ್ದು ಬೇಲಿ ಹಾಕಿದ ಹೆಸರುಗಳು. 'ಗವ್ ಡಾಟ್ ಇನ್' ಸರ್ಕಾರದ ಕಚೇರಿಗಳಿಗಲ್ಲದೆ ಬೇರೆಯವರಿಗೆ ಸಿಗದು. ಬ್ಯಾಂಕುಗಳಿಗೂ ಈಗ ಇದೇ ವ್ಯವಸ್ಥೆ ಬಂದಿದೆ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು 'ಬ್ಯಾಂಕ್ ಡಾಟ್ ಇನ್' ಎಂಬ ಬಾಲವನ್ನು ಪ್ರಕಟಿಸಿ, ಅದೇ ವರ್ಷದ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಅದಕ್ಕೆ ಬದಲಾಗಬೇಕೆಂದು ಸೂಚಿಸಿತು. ಈ ಹೆಸರನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಸಂಸ್ಥೆಯೊಂದೇ ಅದರ ರಿಜಿಸ್ಟ್ರಾರ್. ಸದಸ್ಯರು ತಮ್ಮ ಬ್ಯಾಂಕಿನ ಹೊಸ ವಿಳಾಸವನ್ನು ಶಾಖೆಗೇ ಹೋಗಿ ಕೇಳಿ, ಪಾಸ್‌ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳುವುದು ಲೇಸು. ಫೋನಿಗೆ ಬಂದ ಲಿಂಕನ್ನು ಒತ್ತಿ ತಿಳಿದುಕೊಳ್ಳುವ ಸಂಗತಿ ಇದಲ್ಲ.

ಬಿಳಿ ಕಾಂಡಕೊರಕದ ದುಂಬಿ ಹಾರುವ ಮುಂಚೆಯೇ ಗಿಡ ಗುರುತಿಸಿ ಕಿತ್ತು ಸುಡುತ್ತೇವಲ್ಲ, ಅಂಥ ಕೆಲಸವನ್ನೂ ರಿಜಿಸ್ಟ್ರಿಗಳು ಒಮ್ಮೆ ಮಾಡಿವೆ. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಕಂಪ್ಯೂಟರ್ ಹುಳು ತನ್ನ ಯಜಮಾನನ ಅಪ್ಪಣೆ ಕೇಳಲು ದಿನಕ್ಕೊಂದಿಷ್ಟು ಹೊಸ ಹೆಸರುಗಳನ್ನು ತಾನೇ ಹೊಸೆದುಕೊಳ್ಳುತ್ತಿತ್ತು. 2009ರ ಏಪ್ರಿಲ್ 1ರಿಂದ ಅವು ದಿನಕ್ಕೆ 50,000, ನೂರಕ್ಕೂ ಹೆಚ್ಚು ಬಾಲಗಳಲ್ಲಿ ಹಂಚಿದ್ದವು. ಲೆಕ್ಕದ ಸೂತ್ರವನ್ನು ತಜ್ಞರು ಬಿಡಿಸಿದರು. ಹಲವು ದೇಶಗಳ ರಿಜಿಸ್ಟ್ರಿಗಳು ಮುಂದೆ ಬರಲಿರುವ ಹೆಸರುಗಳನ್ನು ಮೊದಲೇ ತಡೆಹಿಡಿದವು.

ಮೋಸ ನಡೆದ ಮೇಲೆ ರಿಜಿಸ್ಟ್ರಿಯ ಕೈಯಲ್ಲಿರುವ ಅಸ್ತ್ರ ಹೆಸರನ್ನು ಅಮಾನತಿನಲ್ಲಿಡುವುದು. ಆಗ ತಾಣ ಇದ್ದಲ್ಲೇ ಇರುತ್ತದೆ, ಹೋಗುವ ದಾರಿ ಮುಚ್ಚುತ್ತದೆ. ಇದೇನು, ದೂರು ಬಂದ ತಕ್ಷಣ ಮುಚ್ಚಬಾರದೇ ಎಂದು ನಮಗೂ ಸಿಟ್ಟು ಬಂದಿತ್ತು. ಆದರೆ ಯೋಚಿಸಿ. ನಾಳೆ ಯಾರೋ ನಮ್ಮ ಸಂಘದ ತಾಣಕ್ಕೇ ಕನ್ನ ಹಾಕಿ, ಒಳಗೆ ಒಂದು ಮೋಸದ ಪುಟ ಅಂಟಿಸಿ ಹೋದರೆ? ಹೆಸರನ್ನೇ ಅಮಾನತಿನಲ್ಲಿಟ್ಟರೆ ಆ ಪುಟದೊಂದಿಗೆ ನಮ್ಮ ದರಪಟ್ಟಿ, ಇ-ಮೇಲ್, ಖರೀದಿದಾರರ ಪತ್ರ ಎಲ್ಲವೂ ಕೊಯ್ಲಿನ ನಡುವೆ ನಿಂತುಹೋಗುತ್ತವೆ. ಅಂಥಲ್ಲಿ ಪುಟ ಇಟ್ಟುಕೊಂಡಿರುವ ಆ ಮೂರನೆಯವನಿಗೆ ಹೇಳಿ ಅದೊಂದನ್ನೇ ಕೀಳಿಸಬೇಕು. ಮೋಸಕ್ಕೆಂದೇ ಕೊಂಡ ಹೆಸರು ಬೇರೆ, ಮೋಸಕ್ಕೆ ಸಿಕ್ಕ ಹೆಸರು ಬೇರೆ. ರಿಜಿಸ್ಟ್ರಿಯವರು ಮೊದಲು ನೋಡುವುದು ಇದನ್ನೇ.

ಇನ್ನು ಕೆಲವು ತಕರಾರುಗಳು ರಿಜಿಸ್ಟ್ರಿಯ ಅಳವಿಗೇ ಬರುವುದಿಲ್ಲ. ಕಳಪೆ ಸಸಿ ಕಳಿಸಿದರೆಂಬ ದೂರು ಗ್ರಾಹಕರ ಆಯೋಗದ್ದು. ಒಬ್ಬರ ಹೆಸರನ್ನು ಹೋಲುವ ಹೆಸರು ಇನ್ನೊಬ್ಬರು ಇಟ್ಟುಕೊಂಡರೆಂಬುದು ನ್ಯಾಯಾಲಯದ್ದು. ಇಂಥ ಒಂದು ವ್ಯಾಜ್ಯ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲೇ ಹುಟ್ಟಿತು. ಸತ್ಯಂ ಇನ್ಫೋವೇಯವರ 'ಸಿಫಿ' ಎಂಬ ಹೆಸರಿಗೆ ಇಂಗ್ಲಿಷಿನ ಒಂದು 'ಎಫ್' ಅಕ್ಷರ ಹೆಚ್ಚಿಗೆ ಸೇರಿಸಿ ಇನ್ನೊಂದು ಕಂಪನಿ ಹೆಸರು ಮಾಡಿಕೊಂಡಿತ್ತು. ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆರವು ಮಾಡಿತು, 2004ರ ಮೇ 6ರಂದು ಸುಪ್ರೀಂ ಕೋರ್ಟು ಮತ್ತೆ ಸತ್ಯಂನ ಪರವಾಗಿ ತೀರ್ಪಿತ್ತಿತು. ವ್ಯಾಪಾರದ ಮುದ್ರೆಗೆ ಸಿಗುವ ರಕ್ಷಣೆ ಡೊಮೈನ್ ಹೆಸರಿಗೂ ಸಿಗುತ್ತದೆಂದು ನಮ್ಮ ದೇಶದಲ್ಲಿ ಸ್ಥಿರವಾದದ್ದು ಆ ತೀರ್ಪಿನಿಂದ. ಡಾಟ್ ಇನ್ ಹೆಸರುಗಳ ಇಂಥ ಜಗಳಕ್ಕೆ ಈಗ ಪಂಚಾಯ್ತಿಯ ವ್ಯವಸ್ಥೆಯೂ ಉಂಟು. ಹೆಸರು ರದ್ದಾಗಬಹುದು, ಇಲ್ಲವೇ ದೂರುದಾರನಿಗೆ ವರ್ಗವಾಗಬಹುದು.

ನಮ್ಮ ಸದಸ್ಯರ ವಿಷಯಕ್ಕೆ ಮರಳೋಣ. ಐದನೆಯ ದಿನ ಕಾಲೇಜು ಓದುವ ಹುಡುಗನೊಬ್ಬ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ತಾಣದಲ್ಲಿ ಆ ಹೆಸರನ್ನು ಹುಡುಕಿ ತೋರಿಸಿದ. ಕೊಂಡವನ ಹೆಸರು ಮರೆಮಾಚಿತ್ತು. ಆದರೆ ಮಾರಿದ ರಿಜಿಸ್ಟ್ರಾರ್ ಯಾರು, ದುರ್ಬಳಕೆಯ ದೂರನ್ನು ಯಾವ ಇ-ಮೇಲಿಗೆ ಕಳಿಸಬೇಕು ಎಂಬುದಿತ್ತು. ಹೆಸರು ಹುಟ್ಟಿ ಆಗಿದ್ದದ್ದು ಬರೀ 11 ದಿನ! 2024ರ ಏಪ್ರಿಲ್ 5ರಿಂದ ಜಾರಿಗೆ ಬಂದ ಕರಾರಿನಂತೆ, ಐಕ್ಯಾನ್ ವ್ಯಾಪ್ತಿಯ ರಿಜಿಸ್ಟ್ರಿ ಮತ್ತು ರಿಜಿಸ್ಟ್ರಾರುಗಳು ಇಂಥ ವಂಚನೆಯ ಬಗ್ಗೆ ಸಾಕ್ಷ್ಯಸಹಿತ ದೂರು ಬಂದರೆ ಕ್ರಮ ಕೈಗೊಳ್ಳಲೇಬೇಕು. ಸಾಕ್ಷ್ಯಸಹಿತ ಎಂಬ ಮಾತೇ ಮುಖ್ಯ. ನಮ್ಮ ಮೊದಲ ದೂರಿನಲ್ಲಿ 'ಬಡ ರೈತನಿಗೆ ಘೋರ ಅನ್ಯಾಯ' ಎಂದು ಒಂದು ಪುಟ ಬರೆದಿದ್ದೆವು, ತಾಣದ ಪೂರ್ತಿ ವಿಳಾಸವನ್ನೇ ಬರೆದಿರಲಿಲ್ಲ. ಎರಡನೆಯದರಲ್ಲಿ ಪೂರ್ತಿ ವಿಳಾಸ, ಲಿಂಕ್ ಬಂದ ಸಂದೇಶ, ದಿನಾಂಕ, ವೇಳೆ, ಆಧಾರ್ ಮತ್ತು ಹಣ ಕೇಳಿದ ಪುಟಗಳ ಸ್ಕ್ರೀನ್‌ಶಾಟ್, ಹಣ ಹೋದ ರಸೀತಿ ಇವಿಷ್ಟನ್ನು ಇಟ್ಟು ಹತ್ತು ಸಾಲು ಬರೆದೆವು. ಮೂರನೆಯ ದಿನ ತಾಣ ತೆರೆಯಲಿಲ್ಲ.

ಹಣ ಬರಲಿಲ್ಲ. ಹಣ ಹಿಡಿದು ನಿಲ್ಲಿಸುವುದು ರಿಜಿಸ್ಟ್ರಿಯ ಕೆಲಸವಲ್ಲ. ಅದಕ್ಕೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿ ಇದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುಂಚೆ, ಸಾಧ್ಯವಾದರೆ ಅದೇ ಗಂಟೆಯಲ್ಲಿ ಕರೆ ಮಾಡಬೇಕು. ನಮ್ಮವರು ಮಾಡಿದ್ದು ಆರನೆಯ ದಿನ. ಮನೆಯವರಿಗೆ ಗೊತ್ತಾದರೆ ಬೈಯುತ್ತಾರೆಂದು ಸುಮ್ಮನಿದ್ದೆ ಎಂದು ಆಮೇಲೆ ಹೇಳಿದರು. ತಮ್ಮ ವಿಷಯ ಬರೆಯಲು ಒಪ್ಪಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ.

ತಾಣ ಮುಚ್ಚಿದ ಎಂಟು ದಿನಕ್ಕೆ ಅದೇ ಲಾಂಛನ, ಅದೇ ಯಂತ್ರದ ಚಿತ್ರ ಬೇರೆ ಹೆಸರಿನಲ್ಲಿ ಯಳಂದೂರಿನ ಇಬ್ಬರು ಸದಸ್ಯರ ಫೋನಿಗೆ ಬಂತು. ಈ ಸಲ ಅವರು ಹಣ ಕಳಿಸುವ ಮುಂಚೆ ಕಚೇರಿಗೆ ಫೋನ್ ಮಾಡಿದರು. ಆ ಹೆಸರಿನ ಮೇಲೂ ಅದೇ ಸಂಜೆ ದೂರು ಕಳಿಸಿದೆವು.