ಪೌಲರು ಸೌದೆ ಆಯ್ದ ದ್ವೀಪ: ಮಾಲ್ಟಾದಲ್ಲಿ ಒಂದು ಸುತ್ತು

ಈ ತಿಂಗಳ ಪಾಠಕ್ಕೆ ಪ್ರೇಷಿತರ ಕಾರ್ಯಕಲಾಪಗಳ 27 ಮತ್ತು 28ನೇ ಅಧ್ಯಾಯಗಳನ್ನು ತೆರೆದಿಟ್ಟುಕೊಳ್ಳಿ. ಪ್ರವಾಸದ ಪುಸ್ತಕಗಳು ಮಾಲ್ಟಾವನ್ನು ಬಿಸಿಲು, ನೀಲಿ ಕಡಲು, ಹಳೆಯ ಕೋಟೆಗಳ ದ್ವೀಪವೆಂದು ತೋರಿಸುತ್ತವೆ. ಅದೂ ನಿಜವೇ. ಆದರೆ ನಮ್ಮಂಥವರು ಆ ದ್ವೀಪ ನೋಡಲು ಹೊರಟರೆ, ಹೋಗಲಾರದೆ ಮನೆಯಲ್ಲೇ ಕುಳಿತು ಓದಿದರೂ ಸರಿ, ಸಂತ ಲೂಕರು ಬರೆದಿಟ್ಟ ಹತ್ತು ವಚನಗಳಿಗಿಂತ (28:1–10) ಒಳ್ಳೆಯ ಮಾರ್ಗದರ್ಶಿ ಬೇರೆ ಇಲ್ಲ.

ಇಟಲಿಯ ಸಿಸಿಲಿಗೆ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ ಮಾಲ್ಟಾ, ಗೋಜೊ, ಕೊಮಿನೊ ಎಂಬ ದ್ವೀಪಗಳಿವೆ. ಎಲ್ಲ ಸೇರಿ 316 ಚದರ ಕಿಲೋಮೀಟರ್, ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ಜನ ಮಾತ್ರ ಐದು ಲಕ್ಷಕ್ಕೂ ಹೆಚ್ಚು. ಮನೆ, ಗುಡಿ, ಕೋಟೆ ಎಲ್ಲವೂ ಜೇನುಬಣ್ಣದ ಸುಣ್ಣಕಲ್ಲಿನವು. ದಡದ ಬಹುಭಾಗ ಬರೀ ಬಂಡೆ. ಮರಳಿನ ಕಡಲತೀರಗಳು ಹೆಚ್ಚಾಗಿ ಇರುವುದು ಉತ್ತರ ಮತ್ತು ವಾಯುವ್ಯದಲ್ಲಿ. ಮೆಲ್ಲೀಹಾ, ಗೋಲ್ಡನ್ ಬೇ ಎಂಬ ತೀರಗಳಲ್ಲಿ ಬೇಸಿಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊಮಿನೊ ಬಳಿಯ ತಿಳಿನೀಲಿ ನೀರಿನ ಬ್ಲೂ ಲಗೂನ್‌ಗೆ ದೋಣಿಗಳು ಸಾಲುಗಟ್ಟಿ ಹೋಗುತ್ತವೆ.

ಈ ಉತ್ತರ ತೀರದಲ್ಲೇ ಸಂತ ಪೌಲರ ಕೊಲ್ಲಿ ಇದೆ. ಕ್ರಿ.ಶ. 60ರ ಸುಮಾರಿಗೆ ಕೈದಿಯಾಗಿ ರೋಮಿಗೆ ಹೊರಟ ಪೌಲರ ಹಡಗು ಒಡೆದದ್ದು ಇಲ್ಲೇ ಎಂಬುದು ದ್ವೀಪದವರ ನಂಬಿಕೆ. ಲೂಕರ ಬರಹ ಇಲ್ಲಿ ನಾವಿಕನ ದಿನಚರಿಯಂತಿದೆ. ಹದಿನಾಲ್ಕನೆಯ ರಾತ್ರಿ ಗುಂಡು ಇಳಿಬಿಟ್ಟು ನೋಡಿದರೆ ನೀರಿನ ಆಳ 20 ಮಾರು, ಸ್ವಲ್ಪ ಮುಂದೆ 15 ಮಾರು. ಹಿಂಭಾಗದಿಂದ ನಾಲ್ಕು ಲಂಗರು. ಹಡಗಿನಲ್ಲಿ 276 ಜನ. ಬೆಳಗಾದಾಗ ಗುರುತಿಲ್ಲದ ನೆಲ, ಮರಳಿನ ದಡವಿದ್ದ ಒಂದು ಕೊಲ್ಲಿ. ಜೇಮ್ಸ್ ಸ್ಮಿತ್ ಎಂಬ ಸ್ಕಾಟ್ಲೆಂಡಿನವರು, ಹಾಯಿದೋಣಿ ನಡೆಸಿ ಬಲ್ಲವರು, ಈ ಗಾಳಿ, ಆಳ, ದಿಕ್ಕುಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡಿ 1848ರಲ್ಲಿ ಪುಸ್ತಕ ಬರೆದರು. ಅವೆಲ್ಲ ಈ ಕೊಲ್ಲಿಗೆ ಹೊಂದುತ್ತವೆ ಎಂಬುದು ಅವರ ತೀರ್ಮಾನ. ಬೇರೆ ಕೊಲ್ಲಿಯನ್ನು, ಬೇರೆ ದ್ವೀಪವನ್ನೇ ತೋರಿಸುವ ವಿದ್ವಾಂಸರೂ ಇದ್ದಾರೆ. ಕೊಲ್ಲಿಯ ಬಾಯಲ್ಲಿರುವ ಪುಟ್ಟ ಕಲ್ಲುದ್ವೀಪದಲ್ಲಿ 1845ರಿಂದ ಪೌಲರ ದೊಡ್ಡ ಪ್ರತಿಮೆ ನಿಂತಿದೆ, ದಡದಿಂದಲೇ ಕಾಣುತ್ತದೆ.

ಈಗ 28:2ಕ್ಕೆ ಬನ್ನಿ. ಹಲವು ಅನುವಾದಗಳಲ್ಲಿ 'ದ್ವೀಪದ ನಿವಾಸಿಗಳು' ಎಂದಿರುತ್ತದೆ. ಲೂಕರ ಗ್ರೀಕಿನಲ್ಲಿರುವ ಮಾತು 'ಬಾರ್ಬರೊಯ್'. ಗ್ರೀಕ್ ಬಾರದವರ ಮಾತು ಗ್ರೀಕರ ಕಿವಿಗೆ 'ಬರ್ ಬರ್' ಎಂದು ಕೇಳುತ್ತಿತ್ತಂತೆ, ಅದರಿಂದ ಆದ ಪದ. ನಾವು 'ಬರ್ಬರ' ಎಂದಾಗ ಕ್ರೂರ ಎನ್ನುವ ಅರ್ಥ ಬರುತ್ತದೆ. ಲೂಕರು ಹೇಳುವುದು ಅಷ್ಟನ್ನಲ್ಲ, ಭಾಷೆ ಬೇರೆಯಾದ ಜನ ಎಂದಷ್ಟೇ. ಆ ಕಾಲದ ಮಾಲ್ಟಾದ ಸಾಮಾನ್ಯರು ಆಡುತ್ತಿದ್ದದ್ದು ಫಿನೀಷಿಯರಿಂದ ಬಂದ ಪ್ಯೂನಿಕ್ ನುಡಿ. ಆ ಜನ ಏನು ಮಾಡಿದರು? ಮಳೆ ಹೊಯ್ಯುತ್ತಿತ್ತು, ಚಳಿಯಿತ್ತು. ಒದ್ದೆಯಾಗಿ ದಡಕ್ಕೆ ಬಿದ್ದ ಸೈನಿಕರು, ಕೈದಿಗಳು, ನಾವಿಕರು ಎಲ್ಲರಿಗೂ ಬೆಂಕಿ ಹಾಕಿ ಕರೆದರು. ಯಾರು, ಯಾವ ಊರು, ಕೈಗೆ ಕೋಳ ಯಾಕೆ ಎಂದು ಕೇಳಿದ ಸುಳಿವು ಲೂಕರಲ್ಲಿಲ್ಲ. 'ಅಸಾಧಾರಣ ದಯೆ' ಎನ್ನುವುದು ಅವರ ಮಾತು. ವಿಶ್ವಗುರು ಫ್ರಾನ್ಸಿಸರು 2022ರ ಏಪ್ರಿಲ್‌ನಲ್ಲಿ ಮಾಲ್ಟಾಕ್ಕೆ ಹೋದಾಗ ಇದೇ ವಚನವನ್ನು ಪ್ರಯಾಣದ ಧ್ಯೇಯವಾಕ್ಯ ಮಾಡಿಕೊಂಡಿದ್ದರು. ಆಫ್ರಿಕಾದಿಂದ ದೋಣಿಯಲ್ಲಿ ಬಂದು ಮುಳುಗುವವರ ಸಮುದ್ರವೂ ಅದೇ ತಾನೆ.

ಇನ್ನೊಂದು ಸಂಗತಿ ಗಮನಿಸಿ. ಅಥೆನ್ಸಿನಲ್ಲಿ, ಜೆರುಸಲೇಮಿನಲ್ಲಿ, ರಾಜ್ಯಪಾಲರ ಮುಂದೆ ಪೌಲರು ಆಡಿದ ಭಾಷಣಗಳನ್ನು ಲೂಕರು ಪುಟಗಟ್ಟಲೆ ಕೊಡುತ್ತಾರೆ. ಮಾಲ್ಟಾದ ಮೂರು ತಿಂಗಳಲ್ಲಿ ಪೌಲರ ಬಾಯಿಂದ ಬಂದ ಒಂದೇ ಒಂದು ಮಾತನ್ನೂ ಬರೆದಿಲ್ಲ! ಪೌಲರು ಸೌದೆ ಆಯುತ್ತಾರೆ. ಅದರಿಂದ ಹೊರಬಿದ್ದ ಹಾವನ್ನು ಬೆಂಕಿಗೆ ಝಾಡಿಸುತ್ತಾರೆ. ದ್ವೀಪದ ಮುಖಂಡ ಪುಬ್ಲಿಯನ ತಂದೆ ಜ್ವರ, ರಕ್ತಭೇದಿಯಿಂದ ಮಲಗಿದ್ದಾಗ ಒಳಗೆ ಹೋಗಿ ಪ್ರಾರ್ಥಿಸಿ ಅವನ ಮೇಲೆ ಕೈಯಿಡುತ್ತಾರೆ. ಆಮೇಲೆ ಊರಿನ ರೋಗಿಗಳೆಲ್ಲ ಬರುತ್ತಾರೆ. ಕೆಲವು ವರ್ಷ ಮುಂಚೆ ಕೊರಿಂಥದವರಿಗೆ ಇದೇ ಪೌಲರು ಬರೆದಿದ್ದರು: ಮಾತಿನ ಅರ್ಥ ತಿಳಿಯದಿದ್ದರೆ ಆಡುವವನಿಗೆ ನಾನು ಪರಕೀಯ, ನನಗೆ ಅವನು ಪರಕೀಯ (1 ಕೊರಿಂಥ 14:11). ಅಲ್ಲಿಯೂ ಮೂಲದಲ್ಲಿರುವುದು ಅದೇ 'ಬಾರ್ಬರೊಸ್' ಪದ. ಎರಡೂ ವಚನಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮಾಲ್ಟಾದ ಆ ಬೆಂಕಿಯ ಸುತ್ತ ಯಾರು ಯಾರಿಗೆ ಪರಕೀಯರಾಗಿದ್ದರು ಎಂದು ಯೋಚಿಸುವಂತಾಗುತ್ತದೆ.

ಕೊಲ್ಲಿಯಿಂದ ಒಳನಾಡಿಗೆ ಹೋದರೆ ಮ್ದೀನಾ ಮತ್ತು ರಬಾತ್, ಒಂದಕ್ಕೊಂದು ಅಂಟಿಕೊಂಡ ಊರುಗಳು. ಎರಡೂ ಅರಬ್ಬಿ ಹೆಸರುಗಳೇ. 870ರಲ್ಲಿ ಅರಬರು ದ್ವೀಪವನ್ನು ಗೆದ್ದಿದ್ದರು. ಮ್ದೀನಾ ಗೋಡೆಯೊಳಗಿನ ಹಳೆಯ ರಾಜಧಾನಿ. ಈಗ ಅಲ್ಲಿ ಕೆಲವೇ ನೂರು ಜನ ವಾಸವಾಗಿದ್ದಾರೆ, ಬೀದಿಗಳು ಅಷ್ಟು ನಿಶ್ಶಬ್ದ. ಪುಬ್ಲಿಯನ ಮನೆ ಇದ್ದ ಜಾಗವೆಂದು ಹೇಳುವಲ್ಲಿ ಸಂತ ಪೌಲರ ಪ್ರಧಾನಾಲಯವಿದೆ. 1693ರ ಭೂಕಂಪದಲ್ಲಿ ಹಳೆಯದು ಹಾಳಾದ ಮೇಲೆ ಲೊರೆಂಜೊ ಗಫಾ ಎಂಬ ಶಿಲ್ಪಿ ಈಗಿನದನ್ನು ಕಟ್ಟಿದರು. ರಬಾತಿನಲ್ಲಿ ಪೌಲರು ತಂಗಿದ್ದರೆಂಬ ಗವಿಯಿದೆ. ಎರಡನೆಯ ಜಾನ್ ಪೌಲ್, ಹದಿನಾರನೆಯ ಬೆನೆಡಿಕ್ಟ್, ಫ್ರಾನ್ಸಿಸ್ ಮೂವರೂ ಅಲ್ಲಿ ಮೊಣಕಾಲೂರಿದ್ದಾರೆ.

ನನಗೆ ಕೇಳಿದರೆ ರಬಾತಿನಲ್ಲಿ ಬಿಡದೆ ನೋಡಬೇಕಾದದ್ದು ನೆಲದಡಿಯ ಸಮಾಧಿಗಳು. ಕ್ರೈಸ್ತರು, ಯೆಹೂದ್ಯರು, ಬೇರೆ ದೇವರ ಭಕ್ತರು ಅಲ್ಲಿ ಅಕ್ಕಪಕ್ಕದಲ್ಲೇ ಮಣ್ಣಾಗಿದ್ದಾರೆ. ಸತ್ತವರ ನೆನಪಿನ ಊಟಕ್ಕೆಂದು ಬಂಡೆಯಲ್ಲೇ ಕೊರೆದ ದುಂಡನೆಯ ಮೇಜುಗಳು ಈಗಲೂ ಇವೆ. ನಮ್ಮ ಮನೆಗಳಲ್ಲಿ ತಿಥಿಯ ದಿನ ಎಲ್ಲರೂ ಕೂತು ಉಣ್ಣುವುದನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ರಾಜಧಾನಿ ವಾಲೆಟ್ಟಾ 1565ರ ತುರ್ಕಿ ಮುತ್ತಿಗೆಯ ಮರುವರ್ಷ ಶುರುವಾದ ನಗರ. ಅಲ್ಲಿ ಸಂತ ಯೊವಾನ್ನರ ದೇವಾಲಯದಲ್ಲಿ ಕಾರವಾಜ್ಜೊ 1608ರಲ್ಲಿ ಬರೆದ ಸ್ನಾನಿಕ ಯೊವಾನ್ನರ ಶಿರಚ್ಛೇದದ ದೊಡ್ಡ ಚಿತ್ರವಿದೆ. ಚಿತ್ರಕಾರ ತನ್ನ ಹೆಸರನ್ನು ಸಂತರ ನೆತ್ತರಿನಲ್ಲೇ ಬರೆದಿದ್ದಾನೆ. ಮೊಸ್ತಾ ಊರಿನ ಗುಡಿಯ ಗುಮ್ಮಟವನ್ನು 1942ರ ಏಪ್ರಿಲ್ 9ರಂದು ಜರ್ಮನ್ ಬಾಂಬೊಂದು ತೂರಿ ಬಂತು. ಒಳಗೆ ಸುಮಾರು 300 ಜನರಿದ್ದರು, ಬಾಂಬು ಸಿಡಿಯಲಿಲ್ಲ.

ಗುಡಿಗಳನ್ನು ನೋಡಿದ ಮೇಲೆ ಒಂದು ಬಲಿಪೂಜೆಗೆ ಕೂತು ಕೇಳಬೇಕು. ಮಾಲ್ಟೀಸ್ ಭಾಷೆ ಅರಬ್ಬಿಯಿಂದ ಹುಟ್ಟಿದ್ದು, ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ, ಇಟಲಿಯ ಪದಗಳು ತುಂಬಿವೆ. ಕಥೋಲಿಕರಾದ ಅವರು ದೇವರನ್ನು 'ಅಲ್ಲಾ' ಎನ್ನುತ್ತಾರೆ, ತಪಸ್ಸುಕಾಲವನ್ನು 'ರಾಂದಾನ್' ಎನ್ನುತ್ತಾರೆ, ಕ್ರಿಸ್ಮಸ್ಸನ್ನು 'ಮಿಲೀದ್' ಎನ್ನುತ್ತಾರೆ. ಈ ನುಡಿಗೆ ಬಹುಕಾಲ ಅಡಿಗೆಮನೆ ಮತ್ತು ಹೊಲದ ಆಚೆ ಮರ್ಯಾದೆ ಇರಲಿಲ್ಲ. ನ್ಯಾಯಾಲಯಕ್ಕೂ ಓದಿದವರಿಗೂ ಇಟಾಲಿಯನ್, ಆಳುವವರಿಗೆ ಇಂಗ್ಲಿಷ್. ಸರ್ಕಾರಿ ಭಾಷೆಯೆಂದು ಮಾನ್ಯತೆ ಬಂದದ್ದು 1934ರಲ್ಲಿ.

ಅದಕ್ಕೂ ಮುಂಚೆ, 1907ರಲ್ಲಿ ಜಾರ್ಜ್ ಪ್ರೇಕಾ ಎಂಬ ಯುವ ಯಾಜಕರು ಹಮ್ರೂನ್ ಊರಿನಲ್ಲಿ ದುಡಿಯುವ ಹುಡುಗರನ್ನು ಕೂರಿಸಿಕೊಂಡು ಮಾಲ್ಟೀಸಿನಲ್ಲೇ ಧರ್ಮೋಪದೇಶ ಹೇಳತೊಡಗಿದರು. ಶ್ರೀಸಾಮಾನ್ಯರೇ ಕಲಿತು ಇತರರಿಗೆ ಕಲಿಸಬೇಕೆಂಬುದು ಅವರ ಹಂಬಲ. ಮೇಲಿನವರಿಗೆ ಅನುಮಾನ ಬಂತು, ಕೇಂದ್ರಗಳನ್ನು ಮುಚ್ಚಲು ಆಜ್ಞೆಯೂ ಆಯಿತು, ಆಮೇಲೆ ಹಿಂತೆಗೆದುಕೊಂಡರು. ಧರ್ಮಸಭೆಯ ವಿಧಿವತ್ತಾದ ಒಪ್ಪಿಗೆಗೆ 1932ರವರೆಗೆ ಕಾಯಬೇಕಾಯಿತು. ಅವರು 2007ರಲ್ಲಿ ಸಂತರಾದರು. ನಾವು ಗುರುವಾರಗಳಂದು ಜಪಸರದಲ್ಲಿ ಹೇಳುವ ಬೆಳಕಿನ ರಹಸ್ಯಗಳನ್ನು 1957ರಲ್ಲೇ ಯೋಚಿಸಿದವರು ಅವರೇ. ಎರಡನೆಯ ಜಾನ್ ಪೌಲರು ಅದನ್ನು ಇಡೀ ಧರ್ಮಸಭೆಗೆ ಕೊಟ್ಟದ್ದು 2002ರಲ್ಲಿ. ಅದೇ ತಲೆಮಾರಿನ ಇನ್ನೊಬ್ಬ ಯಾಜಕರು, ಕವಿ ದುನ್ ಕಾರ್ಮ್, ಇಟಾಲಿಯನ್ನಿನಲ್ಲಿ ಬರೆಯುತ್ತಿದ್ದವರು ಮನೆಮಾತಿಗೆ ತಿರುಗಿದರು. ದ್ವೀಪದ ರಾಷ್ಟ್ರಗೀತೆ ಅವರ ಪ್ರಾರ್ಥನೆಯೇ. ಮೂರನೆಯ ಯಾಜಕರು ಪೀಟರ್ ಪೌಲ್ ಸೈದೊನ್. ಇಡೀ ಬೈಬಲನ್ನು ಮೂಲಭಾಷೆಗಳಿಂದ ಮಾಲ್ಟೀಸಿಗೆ ತರಲು ಅವರಿಗೆ 1929ರಿಂದ 1959ರವರೆಗೆ ಮೂವತ್ತು ವರ್ಷ ಹಿಡಿಯಿತು.

ಶಾಲೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಸಂಜೆಯ ಜಪಸರಕ್ಕೆ ಮಾತ್ರ ಕನ್ನಡ ಉಳಿದಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಈ ಬಾರಿಯ ಗುಂಪು ಪ್ರಾರ್ಥನೆಯಲ್ಲಿ 28:1–10ನ್ನು ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಓದಿಸಿ, ತಡವರಿಸಿದರೂ ಓದಲಿ. ಬೇರೆ ಭಾಷೆಯ ನೆರೆಯವರು ಬಂದಿದ್ದರೆ ಅದೇ ಭಾಗವನ್ನು ಅವರ ಬೈಬಲಿನಿಂದಲೂ ಓದಲು ಹೇಳಿ. ಎರಡನೆಯ ವಚನದಲ್ಲಿ ಆ ದ್ವೀಪದವರನ್ನು ಯಾವ ಭಾಷೆ ಏನೆಂದು ಕರೆದಿದೆ ಎಂದು ಹೋಲಿಸಿ ನೋಡಬಹುದು.

ಮಾಲ್ಟಾದಲ್ಲಿ ಹಡಗೊಡೆದ ಪೌಲರ ಹಬ್ಬ ಫೆಬ್ರವರಿ 10ಕ್ಕೆ, ಇಡೀ ದೇಶಕ್ಕೆ ರಜೆ. ಲೂಕರ ಲೆಕ್ಕದಲ್ಲಿ ಹಡಗು ಒಡೆದದ್ದು ಚಳಿಗಾಲದ ಆರಂಭದಲ್ಲಿ, ಫೆಬ್ರವರಿ ಅವರು ಹೊರಡುವ ಹೊತ್ತು. ಹಬ್ಬ ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮುಂದಿನ ತಿಂಗಳಿಗೆ 28:11ರಿಂದ ಓದಿಕೊಂಡು ಬನ್ನಿ. ಅವಳಿ ದೇವತೆಗಳ ಲಾಂಛನವಿದ್ದ ಅಲೆಕ್ಸಾಂಡ್ರಿಯದ ಇನ್ನೊಂದು ಹಡಗು ಸಿರಾಕ್ಯೂಸಿಗೆ ಹೊರಟಿದೆ, ದ್ವೀಪದವರು ದಾರಿಗೆ ಬೇಕಾದದ್ದನ್ನೆಲ್ಲ ಅದಕ್ಕೆ ತುಂಬಿಸಿಕೊಟ್ಟಿದ್ದಾರೆ.