ಹೆಸರೊಂದು, ಸರಕು ಎರಡು

ಎನ್‌ವಿಡಿಯಾ ಸಂಸ್ಥೆಯು 2017ರ ಮೇ ತಿಂಗಳಲ್ಲಿ ಜೀಫೋರ್ಸ್ ಜಿಟಿ 1030 ಎಂಬ ಅಗ್ಗದ ಗ್ರಾಫಿಕ್ಸ್ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದುದು ಜಿಡಿಡಿಆರ್5 ಮೆಮೊರಿ. 2018ರಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡುಗಳು ಅದೇ ಹೆಸರಿನಲ್ಲಿ, ಹೆಚ್ಚುಕಡಿಮೆ ಅದೇ ಬೆಲೆಗೆ ಬಂದವು. ಎರಡರಲ್ಲಿಯೂ ಮೆಮೊರಿಯ ಪ್ರಮಾಣ 2 ಗಿಗಾಬೈಟ್. ಆದುದರಿಂದ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳನ್ನಷ್ಟೇ ಓದುವವರಿಗೆ ಭೇದ ಕಾಣದು.

ಭೇದವಿರುವುದು ವೇಗದಲ್ಲಿ. ಮೆಮೊರಿಗೆ ಹೋಗುವ ದಾರಿ ಎರಡರಲ್ಲಿಯೂ 64 ಬಿಟ್, ಅಂದರೆ 8 ಬೈಟ್ ಅಗಲ. ಪ್ರತಿ ತಂತಿಯಲ್ಲಿ ಸೆಕೆಂಡಿಗೆ 6 ಗಿಗಾಬಿಟ್ ಹರಿದರೆ ಒಟ್ಟು 48 ಗಿಗಾಬೈಟ್, 2.1 ಗಿಗಾಬಿಟ್ ಹರಿದರೆ ಕೇವಲ 16.8. ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ! ಪತ್ರ, ಲೆಕ್ಕಗಳಿಗೆ ಕಂಪ್ಯೂಟರ್ ಬಳಸುವ ಗಿರಾಕಿಗೆ ಇದರಿಂದ ಬಾಧೆಯಿಲ್ಲ. ಆಟಕ್ಕೆಂದು ಕೊಂಡವನಿಗೆ ನಷ್ಟ.

ನಿಧಾನಗತಿಯ ಸರಕನ್ನು ಮಾರುವುದು ತಪ್ಪಲ್ಲ. ಹೆಸರು ಬದಲಿಸದೆ ಮಾರಿದುದೇ ಆಕ್ಷೇಪಾರ್ಹ. ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕಿನ ಗುಣಮಟ್ಟ, ದರ್ಜೆ, ಮಾದರಿಗಳ ಬಗೆಗಿನ ಸುಳ್ಳು ಹೇಳಿಕೆಯನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಆದುದರಿಂದ ವರ್ತಕರು ದರಪಟ್ಟಿಯಲ್ಲಿಯೂ ಬಿಲ್ಲಿನಲ್ಲಿಯೂ ಮೆಮೊರಿಯ ಬಗೆಯನ್ನು ನಮೂದಿಸುವುದು ಒಳಿತು. ಸಗಟು ಖರೀದಿಯ ಆದೇಶದಲ್ಲಂತೂ ಇದು ಅವಶ್ಯ. 'ಜಿಟಿ 1030' ಎಂದಷ್ಟೇ ಬರೆದವರಿಗೆ, ಬಂದ ಸರಕನ್ನು ಹಿಂದಿರುಗಿಸಲು ಆಧಾರವೇ ಉಳಿಯದು.